ಹೊಟ್ಟೆ ತುಂಬಿದ ಮರಿಗಳ ತೂಕ

ಯಲ್ಲಕ್ಕ, ಆ ತೂಕಗಳು ಸುಳ್ಳು ಎಂದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಬರೆದುಕೊಂಡೆ.

ಹೊಸ ತಳಿಯ ಒಂದೇ ಟಗರಿಗೆ ಹುಟ್ಟಿದ ಮರಿಗಳು ಗುಮ್ಮಘಟ್ಟದ ನಿನ್ನ ಮಂದೆಯಲ್ಲಿ ಎಷ್ಟು ಬೆಳೆಯುತ್ತವೆ, ಅಗಳಿಯ ಮಂದೆಯಲ್ಲಿ ಎಷ್ಟು ಎಂದು ಊರಿನ ತಳಿಯ ಮರಿಗಳ ಜೊತೆ ತೂಗಿ ನೋಡಿ, ಯಾವ ತಳಿಗೆ ಯಾವ ನೆಲ ಒಗ್ಗುತ್ತದೆ ಎಂದು ಲೆಕ್ಕ ಹಾಕುವುದೇ ನನ್ನ ಓದಾಗಿತ್ತು. ಹಸಿದ ಹೊಟ್ಟೆಯಲ್ಲೇ ತೂಗಬೇಕು, ಇಲ್ಲವಾದರೆ ಕುಡಿದ ನೀರೂ ಮೈಯೆಂದೇ ಲೆಕ್ಕಕ್ಕೆ ಬರುತ್ತದೆ ಎಂದು ನೂರು ಸಲ ಹೇಳಿದ್ದೆ. ನೀನು ಕೇಳುವವಳೇ! ಕೊನೆಯ ತೂಕದ ದಿನ ನಾನು ಬಸ್ಸಿಳಿದು ಬರುವಷ್ಟರಲ್ಲಿ ಹೊಸ ತಳಿಯ ಮರಿಗಳು ಶೇಂಗಾ ಹಿಂಡಿ ತಿಂದು, ನೀರು ಕುಡಿದು, ಹೊಟ್ಟೆ ಬಿರಿಯುವಂತೆ ನಿಂತಿದ್ದವು. ನಿಮ್ಮೂರ ತಳಿಯವು ಮಾತ್ರ ಹಸಿದು ಅರಚುತ್ತಿದ್ದವು. ನೀನು ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಕ್ಕೆ.

"ನಿನ್ನ ಪರೀಕ್ಷಿ ಐತಲ್ಲವ್ವ, ನಮ್ಮಿಂದ ನಿನಗ್ಯಾಕ ಕಡಿಮಿ ಆಗಬೇಕು?"

ಎಂಥ ಪ್ರೀತಿ ಅದು... ನಾಳೆ ಬಂದು ತೂಗುತ್ತೇನೆ ಎನ್ನಬಹುದಿತ್ತು. ಅನ್ನಲಿಲ್ಲ. ಅಗಳಿಯಲ್ಲಿ ಹಿಂದೆ ಬಿದ್ದ ತಳಿ ಗುಮ್ಮಘಟ್ಟದಲ್ಲಿ ಎಲ್ಲಕ್ಕಿಂತ ಮುಂದೆ — ಕಂಪ್ಯೂಟರಿನಲ್ಲಿ ಎರಡು ತಳಿಗಳ ಗೆರೆಗಳು, ಒಂದೊಂದು ನೆಲಕ್ಕೆ ಒಂದೊಂದು ತಳಿ ಎನ್ನುವ ಹಾಗೆ, ಒಂದನ್ನೊಂದು ಚೆಂದವಾಗಿ ದಾಟಿದವು. ಗುರುಗಳು ಬೆನ್ನು ತಟ್ಟಿದರು, ಪದವಿ ಬಂತು. ಉಬ್ಬಿಹೋಗಿ ನಿನ್ನಲ್ಲಿಗೇ ಓಡಿ ಬಂದೆ. ಈ ತಳಿ ನಿಮ್ಮ ನೆಲಕ್ಕೆ ಹೇಳಿ ಮಾಡಿಸಿದ ಹಾಗಿದೆ ಎಂದು ಹೇಳಿದೆ. ನೀನು ನಂಬಿ, ನಿಮ್ಮ ಮಾವನ ಕಾಲದಿಂದ ಬಂದಿದ್ದ ಊರಿನ ತಳಿಯನ್ನೇ ಮಾರಿಬಿಟ್ಟೆ.

ಆಮೇಲೆ ಹುಟ್ಟಿದ ಮರಿಗಳು ಆ ಬಿಸಿಲು ತಾಳಲಿಲ್ಲ. ಎರಡು ವರ್ಷದಲ್ಲಿ ಮಂದೆ ಕರಗಿಹೋಯಿತು, ನೀನು ರಾಯದುರ್ಗಕ್ಕೆ ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋದೆ.

ಹೋದ ತಿಂಗಳು ನಿನ್ನನ್ನು ಹುಡುಕಿಕೊಂಡು ಬಂದದ್ದು ಇದನ್ನು ಹೇಳಲೆಂದೇ. ಊಟದ ಬಿಡುವಿನಲ್ಲಿ ನೀನು ನಿನ್ನ ಬುತ್ತಿಯ ರೊಟ್ಟಿ ಮುರಿದು ನನ್ನ ಕೈಗಿಟ್ಟೆ. 'ನಮ್ಮ ಕುರಿ ಡಾಕ್ಟ್ರವ್ವ' ಎಂದು ಜೊತೆಯವರಿಗೆಲ್ಲ ತೋರಿಸಿದೆ. ಮಂದೆಯ ಮಾತು ನಾನೇ ಎತ್ತಿದೆ. ನಿನ್ನ ಮುಖ ಸಣ್ಣದಾಯಿತು.

"ನಿನ್ನ ಲೆಕ್ಕ ಸರಿ ಇತ್ತವ್ವ. ನನಗ ಸಾಕಾಕ ಬರಲಿಲ್ಲ."

ಆಗಲೂ ನಾನು ನಿಜ ನುಂಗಿಕೊಂಡು ನೀನು ಕೊಟ್ಟ ರೊಟ್ಟಿ ತಿಂದೆ. ನಿನ್ನ ಕಣ್ಣಲ್ಲಿ ಸಣ್ಣವಳಾಗುತ್ತೇನೆಂಬ ಭಯ — ಬೇರೇನೂ ಅಲ್ಲ. ಗಂಟೆ ಹೊಡೆಯಿತು, ನೀನು ಒಳಗೆ ಹೋದೆ.

ಆ ತೂಕಗಳು ಸುಳ್ಳೆಂದು ಗುರುಗಳಿಗೆ ಬರೆದು ಹಾಕಿದ್ದೇನೆ. ಈ ಭಾನುವಾರ ನಿನ್ನ ಮನೆಗೆ ಬಂದು, ನಿನ್ನ ಮಕ್ಕಳ ಎದುರಿಗೇ ಈ ಕಾಗದ ಓದುತ್ತೇನೆ. ಆಮೇಲೆ ನೀನು ಬೈದರೂ ಸರಿ, ಬಾಗಿಲು ತೋರಿಸಿದರೂ ಸರಿ. ನಿನಗೆ ಸಾಕಲು ಬರುತ್ತಿತ್ತು, ಅಕ್ಕ.