ಅಮಾವಾಸ್ಯೆಗೆ ಕಾದ ಅಪ್‌ಡೇಟ್

ಅಥವಾ ನಾನು ಫೋನು ಮಾಡಿದ್ದೇ ಆಮೇಲೋ? ಯಾರೋ ಕಳಿಸಿದ ಆ ಫೈಲನ್ನು ಅಕ್ಕ ಕಂಪ್ಯೂಟರಿನಲ್ಲಿ ತೆರೆದದ್ದು ನಾನು ಎಚ್ಚರಿಸುವ ಮೊದಲೋ, ಎಚ್ಚರಿಸಿದ ಮೇಲೋ. ಎರಡೂ ದೃಶ್ಯಗಳು ನನ್ನ ತಲೆಯಲ್ಲಿವೆ. ಎರಡರಲ್ಲೂ ಆಕೆ ಅದೇ ನೀಲಿ ಕುರ್ಚಿಯಲ್ಲಿ ಕೂತಿದ್ದಾಳೆ. ನಾನು ಆಗ ಬಾಗಲಕೋಟೆಯಲ್ಲಿದ್ದೆ, ಆಕೆ ಕೂತದ್ದನ್ನು ನೋಡಿರಲು ಸಾಧ್ಯವೇ ಇಲ್ಲ. ಅಲ್ಲಿಗೆ ನೆನಪಿನ ಯೋಗ್ಯತೆ ಗೊತ್ತಾಯಿತು.

ಅಕ್ಕ ಇಳಕಲ್ಲಿನಲ್ಲಿ ಸೀರೆಯ ದಡಿಗೆ, ಅಂದರೆ ಅಂಚಿಗೆ, ವಿನ್ಯಾಸ ಬಿಡಿಸುತ್ತಾಳೆ. ಲೆಕ್ಕ ಬರೆಯುವ ತಂತ್ರಾಂಶದ ಚೌಕಗಳಲ್ಲೇ ಬಿಡಿಸುವುದು: ಒಂದು ಚೌಕ ಒಂದು ಎಳೆ. ಭಾವ ಅದನ್ನು ನೋಡಿ ನೇಯುತ್ತಾನೆ. ಆ ಸಲ ಆಕೆ ಯಾರಿಗೂ ತೋರಿಸದ ಹೊಸ ದಡಿಯೊಂದನ್ನು ಮಾಡುತ್ತಿದ್ದಳು. ಬೇರೆಲ್ಲೂ ಇಲ್ಲದ ದಡಿಯಾದರೆ ಕೊಳ್ಳುತ್ತೇನೆಂದು ಬಾದಾಮಿಯ ಅಂಗಡಿಯವನೊಬ್ಬ ಮಾತು ಕೊಟ್ಟಿದ್ದ.

ನಾನು ಕಾಲೇಜೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಆ ತಂತ್ರಾಂಶದಲ್ಲಿ ದೋಷವಿದೆ, ಕಿಡಿಗೇಡಿಗಳು ಕಳಿಸಿದ ಫೈಲನ್ನು ಸುಮ್ಮನೆ ತೆರೆದರೂ ಸಾಕು, ಅವರು ಒಳಗೆ ಬರುತ್ತಾರೆ, ಅದಕ್ಕೆ ತಿದ್ದುಪಡಿಯ ಅಪ್‌ಡೇಟ್ ಬಂದಿದೆ, ಕೂಡಲೇ ಹಾಕಿಕೊಳ್ಳಿ ಎಂಬ ಸೂಚನೆ ಬಂತು. ಅಕ್ಕನಿಗೆ ಫೋನು ಮಾಡಿದೆ.

"ಹೋದ ಸಲ ಅಪ್‌ಡೇಟ್ ಹಾಕಿದಾಗ ಅಕ್ಷರೆಲ್ಲಾ ಡಬ್ಬಿ ಡಬ್ಬಿ ಆದ್ವು, ಮರತಿ ಏನು? ಅಮಾಸಿ ದಿನ ಬಾ. ಅವತ್ತ ಮಗ್ಗ ನಿಂತಿರ್ತಾವು."

ಅಮಾವಾಸ್ಯೆಯಂದು ಅಲ್ಲಿ ಯಾರೂ ನೇಯುವುದಿಲ್ಲ. ಅಕ್ಕನ ಮನೆಯಲ್ಲಿ ಕಂಪ್ಯೂಟರೂ ಮಗ್ಗದ ಲೆಕ್ಕಕ್ಕೇ ಸೇರಿತ್ತು. ಬಿಚ್ಚುವುದು, ಒರೆಸುವುದು, ರಿಪೇರಿ ಎಲ್ಲ ಅವತ್ತೇ.

"ಕಳ್ಳ ಅಮಾಸಿತನಾ ಕಾಯ್ತಾನೇನಕ್ಕಾ?"

"ಅದನ್ನ ನೀನ ಕೇಳು ಅವಗ. ಸಾಲಿ ಕಲತಾಂವ ನೀ."

ಅಮಾವಾಸ್ಯೆಯಂದು ಹೊರಟೆ. ಹುನಗುಂದದಲ್ಲಿ ಬಸ್ಸು ಕೆಟ್ಟು ನಿಂತಿತು. ಇಳಕಲ್ ಮುಟ್ಟಿದಾಗ ಕಂಪ್ಯೂಟರಿನ ಹಣೆಗೆ ಕುಂಕುಮ, ಮೇಲೊಂದು ಚೆಂಡುಹೂವು. ತಿದ್ದುಪಡಿ ಹಾಕಿದರೆ ವಿಫಲ. ಮತ್ತೆ ಹಾಕಿದರೆ ಮತ್ತೆ ವಿಫಲ, ಕಾರಣವನ್ನೂ ಹೇಳದು. ಎಷ್ಟೋ ಹೊತ್ತಿನ ಮೇಲೆ ಕಣ್ಣಿಗೆ ಬಿತ್ತು: ಒಳಗಿನ ಗಡಿಯಾರದ ಬ್ಯಾಟರಿ ಸತ್ತಿತ್ತು. ಕರೆಂಟು ಹೋದಾಗಲೆಲ್ಲ ಯಂತ್ರ ಯಾವುದೋ ಹಳೆಯ ವರ್ಷಕ್ಕೆ ಜಾರುತ್ತಿತ್ತು. ತಾರೀಖು ತಪ್ಪಿದ್ದರೆ ತಿದ್ದುಪಡಿ ಕೂರುವುದಿಲ್ಲ.

"ನಮ್ಮ ಮಗ್ಗ ಇವತ್ತಿನ ತನಕ ತಾರೀಖ ಕೇಳಿಲ್ಲ ನೋಡಪಾ," ಎಂದ ಭಾವ, ಹೋಳಿಗೆ ಮುರಿಯುತ್ತ.

ತಾರೀಖು ಸರಿಮಾಡಿದೆ. ತಿದ್ದುಪಡಿ ಕೂತಿತು. ಅಕ್ಷರಗಳೂ ನೆಟ್ಟಗಿದ್ದವು. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ದಿನ ಕಾಯಿಸಿದ ಸಿಟ್ಟಿನಲ್ಲೇ ಕೇಳಿದೆ, "ನಡುವ ಯಾವುದಾದ್ರೂ ಫೈಲ್ ಬಂದಿತ್ತೇನು?"

"ಬಂದಿತ್ತು. ದಡಿ ನಮೂನಿ ಅಂತ ಹೆಸರಿತ್ತು. ತಗದೆ, ಒಳಗ ಏನೂ ಇರಲಿಲ್ಲ. ಮೇಲ್ ಸಮೇತ ಅಳಿಸಿದೆ."

"ನಾ ಹೇಳಿದ ಮ್ಯಾಲ ತಗದಿ?"

"ಮೊದಲ. ಅಲ್ಲ... ನೀ ಯಾವಾಗ ಫೋನ್ ಮಾಡಿದ್ದಿ?"

"ಕಳಿಸಿದವರು ಯಾರು?"

"ಗಿರಾಕಿ ಅನ್ಕೊಂಡೆ. ನೀ ಯಾರು, ಯಾಕ ಅಂತ ಕೇಳ್ಕೋತ ಕುಂತ್ರ ಅಂವ ಬಾಜೂ ಮನಿಗೆ ಹೋಗ್ತಾನ."

ಯಂತ್ರವನ್ನೆಲ್ಲ ಜಾಲಾಡಿದೆ. ಏನೂ ಸಿಗಲಿಲ್ಲ. ಏನೂ ಇರಲಿಲ್ಲ ಎಂದು ಅದರರ್ಥವಲ್ಲ. ಅಕ್ಕನಿಗೆ ಅದನ್ನು ವಿವರಿಸಿ ಸೋತೆ. ದಿನಾಂಕಗಳನ್ನು ನೋಡೋಣವೆಂದರೆ ಎಲ್ಲವೂ ಆ ಹಳೆಯ ವರ್ಷದವು. ನನ್ನ ಫೋನಿನಲ್ಲೂ ಆ ಕರೆಯ ಗುರುತು ಉಳಿದಿರಲಿಲ್ಲ.

ಆ ಹೊಸ ದಡಿಯ ಸೀರೆ ಮಗ್ಗದಿಂದ ಇಳಿದ ಮೇಲೆ ಅಕ್ಕನೂ ನಾನೂ ಬಾದಾಮಿಗೆ ಒಯ್ದೆವು. ಅಂಗಡಿಯವನು ದಡಿಯನ್ನು ಬೆರಳಲ್ಲಿ ಸವರಿ, ಕಪಾಟಿನಿಂದ ಪವರ್‌ಲೂಮಿನ ಸೀರೆಯೊಂದನ್ನು ಎಳೆದು ಪಕ್ಕಕ್ಕೆ ಹಾಸಿದ.

"ಈ ದಡಿ ಆಗಲೇ ಬಂದೈತಲ್ರಿ ಅಕ್ಕಾರ."

ಅಕ್ಕ ಎರಡೂ ದಡಿ ಪಕ್ಕಪಕ್ಕ ಹಿಡಿದು ನೋಡಿದಳು. "ನಂದ ಅನಸ್ತೈತಿ," ಎಂದಳು. ಮತ್ತೆ, "ಆದ್ರ ಹಳೇ ಕಾಲದ ಗೋಮಿ ನಮೂನಿ ದಡಿ ತಿರುವಿ ಬಿಡಿಸಿದ್ರೂ ಹಿಂಗ ಆಗ್ತೈತಿ." ಸೀರೆ ಮಡಚಿ ಚೀಲಕ್ಕೆ ಹಾಕಿಕೊಂಡಳು. ಈಗ ಹೊಸದನ್ನು ಬಿಡಿಸುವ ಮುಂಚೆ ಇಂಟರ್‌ನೆಟ್ಟಿನ ವೈರು ಕಿತ್ತಿಡುತ್ತಾಳೆ.

ಆ ಖಾಲಿ ಫೈಲು ಅಕ್ಕನ ದಡಿಯನ್ನು ಒಯ್ದಿತೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ಕಳಿಸಿದ್ದು ಯಾರೆಂದೂ ಗೊತ್ತಿಲ್ಲ. ನನ್ನ ಫೋನು ಮೊದಲೋ, ಆಕೆ ತೆರೆದದ್ದು ಮೊದಲೋ, ಅದೂ ಗೊತ್ತಿಲ್ಲ.