ಉದ್ದಕ್ಕ ಹೋಟೆಲಿನಲ್ಲಿ ತಂಗಿದ್ದು

ಲಾಂಡ್ರಿಯಲ್ಲಿ ಎಲ್ಲರಿಗೂ ಅವಳು ಉದ್ದಕ್ಕ. ಅವಳ ಜೋಡಿ ಕುಳ್ಳಿ. ದೊಡ್ಡ ಬೆಡ್‌ಶೀಟು ಒಬ್ಬರ ಕೈಗೆ ಬಗ್ಗುವಂಥದ್ದಲ್ಲ. ಇಬ್ಬರೂ ಎರಡೆರಡು ತುದಿ ಹಿಡಿದು, ಎಳೆದು ಕೊಡವಿ, ಎದುರುಬದುರು ನಡೆದು ಬಂದು ತುದಿಗೆ ತುದಿ ಸೇರಿಸಬೇಕು. "ಸ್ವಲ್ಪ ಬಗ್ಗೇ ಉದ್ದಕ್ಕಾ, ನಿನ್ ತುದಿ ಆಕಾಶದಲ್ಲಿದೆ" ಎಂದು ಕುಳ್ಳಿ ದಿನವೂ ರೇಗಿಸುವಳು. ಉದ್ದಕ್ಕನ ಗಂಡ ಕಣ್ಮುಚ್ಚಿದಾಗ ಹಸುಗೂಸು ಮಗಳನ್ನು ಬಟ್ಟೆಬುಟ್ಟಿಯಲ್ಲಿ ಮಲಗಿಸಿ, ಕೆಲಸದ ನಡುವೆ ಕಾಲಿನಲ್ಲೇ ತೂಗಿದವಳೂ ಇದೇ ಕುಳ್ಳಿ.

ಆ ಮಗಳಿಗೆ ಈಗ ಒಳ್ಳೆಯ ಕಡೆಯಿಂದ ಸಂಬಂಧ ಬಂದಿತ್ತು. "ಅಮ್ಮನಿಗೆ ಬಟ್ಟೆ ವ್ಯಾಪಾರ" ಎಂದು ಹುಡುಗಿ ಹೇಳಿಬಿಟ್ಟಿದ್ದಳು. ಉದ್ದಕ್ಕ ತಿದ್ದಲು ಹೋಗಲಿಲ್ಲ. ಮದುವೆ ಮಾತಿಗೆಂದು ಪಕ್ಕದೂರಿಗೆ ಕರೆಸಿದ ಬೀಗರು ತಾಯಿ ಮಗಳಿಬ್ಬರನ್ನೂ ಇಳಿಸಿದ್ದು ಹಳೇ ಸಾಹುಕಾರನೊಬ್ಬನ ಮಹಡಿಮನೆಯನ್ನು ರಿಪೇರಿ ಮಾಡಿದ ಹೋಟೆಲಿನಲ್ಲಿ. ಅಲ್ಲಿನ ಬಟ್ಟೆಯೆಲ್ಲ ತಮ್ಮ ಲಾಂಡ್ರಿಗೇ ಬರುವುದೆಂದು ಉದ್ದಕ್ಕನಿಗೆ ಗೊತ್ತು. ಬಟ್ಟೆ ಹೋಗುವುದು ಹಿಂಬಾಗಿಲಿಗೆ, ತಾನು ಮುಂಬಾಗಿಲಿಗೆ ಎಂದು ಸಮಾಧಾನ ಹೇಳಿಕೊಂಡಳು. ಬಣ್ಣದ ಗಾಜಿನ ಕಿಟಕಿ, ಎತ್ತರದ ಮಂಚ, ತಾನೇ ಮಡಚಿದ ಶೀಟು. ಒಳ್ಳೆಯ ನಿದ್ದೆಯೇ ಬಂತು, ಸುಳ್ಳೇಕೆ.

ಬೆಳಿಗ್ಗೆ ಮರದ ಮೆಟ್ಟಿಲ ಬಳಿ ತಾಯಿ ಮಗಳು ಬೀಗಿತ್ತಿಯೊಂದಿಗೆ ಕಾಫಿ ಕುಡಿಯುತ್ತಿದ್ದಾಗ, ಗಲ್ಲದವರೆಗೆ ಶೀಟು ಹೊತ್ತು ಕುಳ್ಳಿ ಬಂದಳು. ಲಾಂಡ್ರಿಯವನು ಬಟ್ಟೆ ತಲುಪಿಸಲು ಆ ದಿನ ಅವಳನ್ನೇ ಕಳಿಸಿದ್ದ.

"ಉದ್ದಕ್ಕಾ, ನೀನಾ? ರಜೆ ಹಾಕಿದ್ದು ಇದಕ್ಕೇನೇ?" ಅವಳ ಮುಖ ಅರಳಿತು.

"ನಿಮಗೆ ಪರಿಚಯನಾ?" ಎಂದರು ಬೀಗಿತ್ತಿ.

"ಇಲ್ಲಪ್ಪ," ಎಂದಳು ಉದ್ದಕ್ಕ. "ಬೇರೆ ಯಾರೋ ಅನ್ಕೊಂಡಿರ್ಬೇಕು."

ಕುಳ್ಳಿ ಮಗಳ ಕಡೆ ನೋಡಿದಳು. ಮಗಳು ಕಪ್ಪಿನೊಳಗೆ ನೋಡುತ್ತಿದ್ದಳು.

"ತಪ್ಪಾಯ್ತು ಮೇಡಂ. ನಮ್ಮೋಳೊಬ್ಬಳು ಹೀಗೇ ಇದಾಳೆ" ಎಂದು ಕುಳ್ಳಿ ಮೆಟ್ಟಿಲು ಹತ್ತಿದಳು.

ಗುಟ್ಟು ಉಳಿಯಿತು, ಮದುವೆ ನಿಶ್ಚಯವಾಯಿತು. ಆದರೆ ಕುಳ್ಳಿಯ ಆ ನಗುಮುಖ ತನ್ನ ಮಾತಿಗೇ ಬಾಡಿದ್ದನ್ನು ನೆನೆದಾಗಲೆಲ್ಲ ಉದ್ದಕ್ಕನಿಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಗುತ್ತಿತ್ತು. ಎಂಥವಳಾದೆ ನಾನು ಎಂದು ತನ್ನನ್ನೇ ಬೈದುಕೊಂಡಳು. ಕುಳ್ಳಿ ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು.

ಮತ್ತೆ ಕೆಲಸಕ್ಕೆ ಹೋದ ದಿನ, ಕ್ಷಮೆ ಕೇಳುವ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಳು. ಕುಳ್ಳಿ ಆಗಲೇ ಶೀಟು ಬಿಡಿಸಿ ನಿಂತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಆ ತುದಿ ಹಿಡ್ಕೊಳ್ಳಿ ಮೇಡಂ," ಎಂದಳು.

ಬಾಯಿಪಾಠ ಬಿಟ್ಟು ಉದ್ದಕ್ಕ ತುದಿ ಹಿಡಿದಳು. ಇಬ್ಬರೂ ಎದುರುಬದುರು ನಡೆದು ಬಂದರು. ಹೇಳಿಸಿಕೊಳ್ಳದೆಯೇ ಉದ್ದಕ್ಕ ಬಗ್ಗಿದಳು. ಕುಳ್ಳಿ ಅವಳ ಕೈಯಿಂದ ತುದಿ ತೆಗೆದುಕೊಂಡು ಮುಂದಿನ ಶೀಟಿಗೆ ಕೈ ಹಾಕಿದಳು.