ಹಾಡಿದರೆ ಬಿಚ್ಚು

ರಾಯಚೂರಿನ ನಮ್ಮ ಹಮಾಲರ ಮೇಸ್ತ್ರಿ ಯಾವ ಸಾಮಾನು ಕಟ್ಟಿದರೂ ಅಲುಗಿಸಿ, ಕಿವಿಯಿಟ್ಟು ಕೇಳುತ್ತಿದ್ದರು. ಸದ್ದು ಬಂದರೆ ಕಟ್ಟು ಸಡಿಲವೆಂದೇ ಲೆಕ್ಕ; ಆಗ ಒಂದೇ ಮಾತು: "ಹಾಡಿದ್ರ ಬಿಚ್ಚು."

೧೯೮೦ರ ಸುಮಾರಿಗೆ ಮಾನ್ವಿಯ ಡಾಕ್ಟರಮ್ಮನ ಪಿಯಾನೊವನ್ನು ರೈಲಿನಲ್ಲಿ ಮದ್ರಾಸಿಗೆ ಕಳಿಸಬೇಕಾಯಿತು. ದೇವದುರ್ಗದಿಂದ ಕೂಲಿಗೆ ಬಂದಿದ್ದ ನಾನೂ ತಮ್ಮನೂ ಕುಣಿದಾಡಿದೆವು. ಅಂಥ ವಸ್ತುವನ್ನು ನಾವು ಕಂಡೇ ಇರಲಿಲ್ಲ! ಸಂದಿಗೆಲ್ಲ ಹತ್ತಿ ತುರುಕಿ, ಕೌದಿ ಸುತ್ತಿ, ಹಗ್ಗ ಬಿಗಿದೆವು. ಸುತ್ತ ಮರದ ಹಲಗೆ ಬಡಿದು ಪೆಟ್ಟಿಗೆ ಮಾಡುವ ಮುನ್ನ ಮೇಸ್ತ್ರಿ ಅಲುಗಿಸಿದರು. ಒಳಗೆ ತಂತಿ ಗುಂಯ್ ಎಂದಿತು.

ಅವರು ಸಡಿಲ ಗಂಟೊಂದನ್ನು ಹಿಡಿದು, "ಇದು ಯಾರದಲೇ?" ಎಂದರು.

ಅದು ನನ್ನದು. "ನನ್ನ ತಮ್ಮಂದ್ರೀ," ಎಂದುಬಿಟ್ಟೆ. ತಮ್ಮ ತಲೆ ತಗ್ಗಿಸಿದ.

"ನಾಳಿಂದ ನೀ ಕೆಲಸಕ್ಕ ಬರಬ್ಯಾಡ," ಎಂದು ಅವನಿಗೆ ಹೇಳಿ, ಹಗ್ಗವನ್ನು ನನ್ನ ಕೈಗೆ ಕೊಟ್ಟರು.

ಹುರುಪಿನಲ್ಲಿ ಬಿಗಿದೆ. ನಾನು ಎಡಚ, ತಮ್ಮ ಬಲಗೈಯವನು. ಈ ಗಂಟೂ ಮೊದಲಿನದರಂತೆ ಎಡಕ್ಕೇ ತಿರುಗಿ ಕೂತಿತು. ಮೇಸ್ತ್ರಿ ಗಂಟು ನೋಡಿದರು, ನನ್ನ ಕೈ ನೋಡಿದರು. ಬೈಯಲಿಲ್ಲ. ನನ್ನ ಭುಜ ಹಿಡಿದು ಮೆಲ್ಲಗೆ ಅಲುಗಿಸಿ, ತಮ್ಮನನ್ನು ಕರೆದರು:

"ಬಾರಲೇ, ನಿಮ್ಮಣ್ಣ ಹಾಡಾಕತ್ತಾನ. ಹಗ್ಗ ನೀ ಹಿಡಿ."

ತಮ್ಮ ಹಗ್ಗ ಹಿಡಿದ. ತಪ್ಪಾಯಿತು ಎಂದು ನಾನು ಅವನಿಗೆ ಇನ್ನೂ ಹೇಳಿಲ್ಲ.